ಗಂಡ ಹೆಂಡ್ತಿ ಜೊತೇಲಿ ಹೊರಗೆ ತಿನ್ನೋದು: ಹೋಟೆಲಲ್ಲಿ ಸರಿ, ಮೇಳದಲ್ಲಿ ಜಗಳ. ನಿಮ್ಮಲ್ಲೂ ಹೀಗೇನಾ?

ಬೈಟು ಕಾಫಿ | ನವೆಂಬರ್, ಭಾನುವಾರ ರಾತ್ರಿ 10:40

ನಮಗೆ ಮದುವೆಯಾಗಿ ಹನ್ನೊಂದು ವರ್ಷ. ನಾನು ಬಸವನಗುಡಿಯವಳು, ಯಜಮಾನ್ರು ಧಾರವಾಡದವರು. ಭಾನುವಾರ ಬೆಳಿಗ್ಗೆ ಮನೇಲಿ ಒಲೆ ಹಚ್ಚಲ್ಲ ಅನ್ನೋದು ಮದುವೆಯಾದ ಹೊಸದರಲ್ಲೇ ಆದ ಒಪ್ಪಂದ. ಹೋಟೆಲಲ್ಲಿ ನಮ್ಮಿಬ್ಬರಿಗೆ ತಕರಾರೇ ಇಲ್ಲ. ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಮಸಾಲೆ ದೋಸೆ ಮಧ್ಯದಲ್ಲಿಟ್ಕೊಂಡು ತಿಂದು, ಕೊನೆಗೆ ಬೈಟು ಕಾಫಿ. ಇವರದ್ದು ಒಂದೇ ಗೊಣಗಾಟ: "ಸಾಂಬಾರಿಗೆ ಬೆಲ್ಲ ಯಾಕ ಹಾಕ್ತಾರ?" ಹನ್ನೊಂದು ವರ್ಷದಿಂದ ಕೇಳ್ತಿದಾರೆ, ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಆದ್ರೆ ಆಹಾರ ಮೇಳ ಅಂದ್ರೆ ಮುಗೀತು. ಇವತ್ತಿನದ್ದು ಕೇಳಿ. ಒಂದು ಬಡಾವಣೆ ಮೈದಾನದಲ್ಲಿ ಮೇಳ, ಎಲ್ಲಿ ಅನ್ನೋದು ಬೇಡ. ಬಾಗಿಲಲ್ಲೇ ಕೂಪನ್ ಕೌಂಟರ್. 500 ರೂಪಾಯಿ ಕೊಟ್ಟು ಕೂಪನ್ ತಗೊಂಡ್ವಿ. ಉಳಿದದ್ದಕ್ಕೆ ದುಡ್ಡು ವಾಪಸ್ ಇಲ್ಲ ಅಂತ ಹಿಂಭಾಗದಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿತ್ತು. ನಾನು ಅಕ್ಕಿ ರೊಟ್ಟಿ ಸಾಲಲ್ಲಿ ನಿಂತೆ, ಇವರು ಜೋಳದ ರೊಟ್ಟಿ ಹುಡುಕ್ಕೊಂಡು ಹೋದ್ರು. ಆ ಜನಜಂಗುಳೀಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ಅರ್ಧ ಗಂಟೆ ನಿಂತು ಸಾಕಾಗಿ ನಾನೂ ಸಾಲು ಬಿಟ್ಟೆ. ಮುಕ್ಕಾಲು ಗಂಟೆ ಆದಮೇಲೆ ಜನರೇಟರ್ ಪಕ್ಕ ಸಿಕ್ಕಿದ್ರು. ಇಬ್ಬರ ಕೈಯಲ್ಲೂ ಒಂದೊಂದು ಹೋಳಿಗೆ! ಇಬ್ಬರೂ ಅದನ್ನೇ ತಗೊಂಡಿದ್ದು ಯಾಕಂದ್ರೆ ಅದೊಂದೇ ಮಳಿಗೆ ಮುಂದೆ ಸಾಲಿರಲಿಲ್ಲ. ಯಾಕೆ ಸಾಲಿರಲಿಲ್ಲ ಅನ್ನೋದು ಬಾಯಿಗೆ ಹಾಕಿದ ಮೇಲೆ ಗೊತ್ತಾಯ್ತು.

ಗಾಡೀಲಿ ವಾಪಸ್ ಬರುವಾಗ ಮಾತಿಲ್ಲ ಕತೆಯಿಲ್ಲ. ಮನೆಗೆ ಬಂದು ಮೊಸರನ್ನ ತಿಂದ್ವಿ. ಪರ್ಸಲ್ಲಿ ಇನ್ನೂ 140 ರೂಪಾಯಿ ಕೂಪನ್ ಕೂತಿದೆ.

ಕಾರ್ತೀಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ, ಜನವರಿಗೆ ಅವರೆಕಾಯಿ ಮೇಳ. ಎರಡೂ ನಮ್ಮನೆ ಮಗ್ಗುಲಲ್ಲೇ, ಹೋಗದೆ ಇರೋಕಾಗಲ್ಲ. ಇಬ್ಬರೇ ಹೋಗೋರು ಹೇಗೆ ನಿಭಾಯಿಸ್ತೀರ, ಹೇಳಿ.

ಹಾಲಿನ ಕೆನೆ | ಅದೇ ರಾತ್ರಿ 11:05

ನಮ್ಮದು ಮದುವೆಯಾಗಿ ಎಂಟು ತಿಂಗಳು, ಆಗಲೇ ಇದೇ ಕತೆ. ನಮ್ಮವಳು "ನಂಗೇನೂ ಬೇಡ, ನೀನು ತಗೋ" ಅಂತಾಳೆ. ದೋಸೆ ಬಂದಮೇಲೆ ಸುತ್ತಲಿನ ಗರಿಗರಿ ಅಂಚೆಲ್ಲ ಅವಳದ್ದು, ಮಧ್ಯದ ಮೆತ್ತಗಿನ ಜಾಗ, ಪಲ್ಯ ನನ್ನದು. ಎರಡು ದೋಸೆ ಹೇಳೋಣ ಅಂದ್ರೆ "ದುಡ್ಡು ಹೆಚ್ಚಾಗಿದ್ಯಾ" ಅಂತಾಳೆ. ಹೋಳಿಗೆ ವಿಷಯಕ್ಕೆ ಬಿದ್ದು ಬಿದ್ದು ನಕ್ಕೆ, ಕ್ಷಮಿಸಿ.

ಮೂರನೇ ಟೇಬಲ್ | ಸೋಮವಾರ ಬೆಳಿಗ್ಗೆ 6:15

ತಂಗೀ, ಇದರಲ್ಲಿ ಒಗಟೇನೂ ಇಲ್ಲ. ಹೋಟೆಲಲ್ಲಿ ನೀವು ಕೂತಿರ್ತೀರ, ಸಪ್ಲೈಯರ್ ತಂದು ಇಡ್ತಾನೆ. ಮೇಳದಲ್ಲಿ ನೀವೇ ಸಪ್ಲೈಯರ್, ನೀವೇ ಕ್ಲೀನರ್, ಜೊತೆಗೆ ದುಡ್ಡೂ ನೀವೇ ಕೊಡಬೇಕು. ಸಪ್ಲೈಯರ್ ಮೇಲೆ ಹೋಗಬೇಕಾದ ಸಿಟ್ಟು ಗಂಡನ ಮೇಲೆ ಹೋಗುತ್ತೆ, ಅಷ್ಟೇ.

ನಾನು ನಿವೃತ್ತ. ನಾನು ನಮ್ಮಾಕೆ ಮೂವತ್ತೆಂಟು ವರ್ಷದಿಂದ ಜೊತೇಲಿ ತಿಂತಾ ಬಂದಿದೀವಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು, ನನಗಿಂತ ಹಿರಿಯ. ಹೊರಗೆ ಹೆಸರು ಬರೆಸಿ ಕಾಯಬೇಕು, ಒಳಗೆ ಅಪರಿಚಿತರ ಜೊತೆ ಟೇಬಲ್ ಹಂಚ್ಕೋಬೇಕು. ಆದರೂ ಅಲ್ಲಿ ಯಾರೂ ಜಗಳ ಆಡಿದ್ದು ನೋಡಿಲ್ಲ. ಯಾಕಂದ್ರೆ ಪಂಚೆ ಉಟ್ಟ ಸಪ್ಲೈಯರ್ ಅಂಗೈಯಿಂದ ಭುಜದ ತನಕ ದೋಸೆ ತಟ್ಟೆ ಪೇರಿಸ್ಕೊಂಡು ಅಡುಗೆಮನೆಯಿಂದ ಬರ್ತಾನಲ್ಲ, ಆಗ ಇಡೀ ಹಾಲ್ ಬಾಯಿ ಮುಚ್ಚಿ ಅವನ ಕೈಯನ್ನೇ ನೋಡ್ತಿರುತ್ತೆ. ಮೇಲಿನ ತಟ್ಟೆ ನಮಗೆ ಬರುತ್ತೋ ಪಕ್ಕದವನಿಗೋ ಅನ್ನೋ ಆತಂಕದಲ್ಲಿ ಹೆಂಡತಿ ಮೇಲಿನ ಸಿಟ್ಟು ಎಲ್ಲಿ ನೆನಪಿರುತ್ತೆ?

ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅಲ್ಲಿಗೇ ಹೋದ್ವಿ. ನಮ್ಮಾಕೆ ರೇಷ್ಮೆ ಸೀರೆ ಉಟ್ಟು, ಎರಡು ಬಸ್ ಬದಲಾಯಿಸಿ. ಬಾಗಿಲು ಹಾಕಿತ್ತು. ಶುಕ್ರವಾರ ರಜಾ ಅನ್ನೋದು ಊರಿಗೆಲ್ಲ ಗೊತ್ತು, ಅವತ್ತು ನನಗೆ ಮರೆತುಹೋಗಿತ್ತು. ಅಲ್ಲಿಂದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ನಡೆದ್ವಿ. 1965ರಿಂದ ಇರೋ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಅಷ್ಟೇ. ಕೂರೋಕೆ ಹೋಟೆಲ್ ಥರ ವ್ಯವಸ್ಥೆ ಇಲ್ಲ, ರಸ್ತೆ ಬದಿ ನಿಂತು ತಿನ್ನಬೇಕು. ನಮ್ಮಾಕೆ ಯಾರದ್ದೋ ಸ್ಕೂಟರ್ ಸೀಟಿನ ಮೇಲೆ ತಟ್ಟೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಿಂದಳು. ಅಂಚಿನ ಮೇಲೆ ಚಟ್ನಿ ಬಿತ್ತು. ಆ ಸೀರೆ ಇನ್ನೂ ಇದೆ, ಕಲೆಯೂ ಇದೆ.

ಅಂದಹಾಗೆ, ಅಲ್ಲಿ ಸಾಂಬಾರೇ ಇಲ್ಲ, ಬರೀ ಚಟ್ನಿ, ಕೇಳಿದಷ್ಟು. ನಿಮ್ಮ ಯಜಮಾನರ ಬೆಲ್ಲದ ಪ್ರಶ್ನೆಗೆ ಅದೇ ಪರಿಹಾರ. ಭಾನುವಾರ ರಜಾ ಅನ್ನೋದೊಂದೇ ತೊಡಕು, ಒಪ್ಪಂದ ತಿದ್ದಬೇಕಾಗುತ್ತೆ.

ಬಾಳೆಎಲೆ ತುದಿ | ಸೋಮವಾರ ಮಧ್ಯಾಹ್ನ 1:30

ಬೆಲ್ಲದ ವಿಷಯಕ್ಕೆ ನಾನು ಬರ್ತೇನೆ ಮಾರಾಯ್ರೆ. ನಾವು ಕರಾವಳಿಯವರು ಬೆಲ್ಲ ಹಾಕುವುದು ಸಿಹಿ ಆಗಲಿ ಅಂತ ಅಲ್ಲ. ಹುಣಸೆಹುಳಿಯೂ ಮೆಣಸೂ ಒಂದಕ್ಕೊಂದು ಗುದ್ದಾಡುವಾಗ ಮಧ್ಯದಲ್ಲಿ ಒಬ್ಬ ಪಂಚಾಯ್ತಿ ಮಾಡುವವ ಬೇಕಲ್ಲ, ಅದು ಬೆಲ್ಲ. ಅಡಿಕೆ ಗಾತ್ರದ್ದು ಸಾಕು. ಬೆಂಗಳೂರಿನ ಕೆಲವರು ತೆಂಗಿನಕಾಯಿ ಗಾತ್ರ ಹಾಕ್ತಾರೆ, ಅದಕ್ಕೆ ಉಡುಪಿ ಹೆಸರು ಕೆಡುವುದು.

ನನ್ನವರು ಮಂಡ್ಯದವರು. ಮಳೆಗಾಲದಲ್ಲಿ ನಮ್ಮ ಕಡೆ ಹಲಸಿನ ಮೇಳಗಳು ನಡೀತಾವೆ, ಪ್ರತಿ ವರ್ಷ ಕರ್ಕೊಂಡು ಹೋಗ್ತೇನೆ. ಹಲಸಿನ ಹಣ್ಣಿನ ಗಟ್ಟಿ, ಮುಳಕ, ದೋಸೆ, ಹಪ್ಪಳ, ಬೀಜದ್ದು ಬೇರೆ. ತೇಗದ ಎಲೆಯಲ್ಲಿ ಬೇಯಿಸಿದ ಗಟ್ಟಿ ಬಿಚ್ಚಿದರೆ ಹೊರಗೆ ಕೆಂಪು ಬಣ್ಣ ಹಿಡಿದಿರ್ತದೆ. ಅದನ್ನು ನೋಡಿ ಮೊದಲ ಸಲ ಇವರು "ಕಲರ್ ಹಾಕವ್ರೆ" ಅಂತ ಪಕ್ಕಕ್ಕಿಟ್ಟಿದ್ದರು. ಎಲೆಯದ್ದೇ ಬಣ್ಣ ಅಂತ ನಂಬಿಸಲಿಕ್ಕೆ ಮಳಿಗೆಯ ಅಜ್ಜಿ ಹಸಿ ಎಲೆ ಕೈಯಲ್ಲಿ ಉಜ್ಜಿ ತೋರಿಸಬೇಕಾಯ್ತು. ಈಗ ನಾಲ್ಕು ತಿಂತಾರೆ.

ನಮ್ಮ ಉಪಾಯ: ಒಬ್ಬರು ಕಂಬ, ಒಬ್ಬರು ಕಾಲು. ಕಂಬ ಆದವರು ಒಂದು ಗುರುತಿನ ಜಾಗದಲ್ಲಿ ನಿಂತದ್ದು ನಿಂತೇ. ಜಾಗ, ನೀರಿನ ಬಾಟಲಿ, ಚೀಲ ಅವರ ಸುಪರ್ದಿ. ಕಾಲು ಆದವರು ಹೋಗಿ ಒಂದೇ ಒಂದು ಪ್ಲೇಟ್ ತರಬೇಕು. ತಿಂದು ಮುಗಿದ ಮೇಲೆ ಅದಲು ಬದಲು. ಕಾಲು ತಂದದ್ದಕ್ಕೆ ಕಂಬ ಮಾತಾಡುವ ಹಾಗಿಲ್ಲ, ಇದು ಮುಖ್ಯ.

ಹಾಲಿನ ಕೆನೆ | ಸೋಮವಾರ ರಾತ್ರಿ 9:50

ಕಂಬ ಕಾಲು ಇವತ್ತೇ ಮನೇಲಿ ಹೇಳಿದೆ, ಪಾಸಾಯ್ತು. ಆದರೆ ನಮ್ಮ ದೊಡ್ಡ ಜಗಳ ಆಗಿದ್ದು ಮೇಳದಲ್ಲಲ್ಲ. ಕಳೆದ ತಿಂಗಳು ಒಂದು ಮಾಲಿನ ರೆಸ್ಟೋರೆಂಟಲ್ಲಿ ಊಟಕ್ಕೆ 1,840. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಶೇ 10, 184 ರೂಪಾಯಿ. ಎರಡೂ ಸೇರಿಸಿ 2,024ರ ಮೇಲೆ ಶೇ 5 ಜಿಎಸ್‌ಟಿ. ಒಟ್ಟು 2,125 ರೂಪಾಯಿ 20 ಪೈಸೆ. ಅವಳು "ಇದು ತೆಗೆಸು" ಅಂದಳು. ನನಗೆ ನಾಚಿಕೆ, ಪಕ್ಕದ ಟೇಬಲಲ್ಲಿ ಆಫೀಸಿನವರು. ಕೊಟ್ಟು ಬಂದೆ. ಎರಡು ದಿನ ಮನೇಲಿ ಮೌನವ್ರತ. ಯಾರದ್ದು ಸರಿ?

ಲೆಕ್ಕದ ಪುಸ್ತಕ | ಸೋಮವಾರ ರಾತ್ರಿ 10:30

ನಿಮ್ಮ ಮನೆಯವರದ್ದೇ ಸರಿ ಸ್ವಾಮಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ: ಸರ್ವಿಸ್ ಚಾರ್ಜನ್ನ ಬಿಲ್ಲಿಗೆ ತಾನಾಗಿ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲೂ ಸೇರಿಸೋ ಹಾಗಿಲ್ಲ, ಕೊಡದೇ ಇದ್ದರೆ ಒಳಗೆ ಬಿಡಲ್ಲ ಅನ್ನೋ ಹಾಗೂ ಇಲ್ಲ. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿದ್ದವು. 2025ರ ಮಾರ್ಚಲ್ಲಿ ಏಕಸದಸ್ಯ ಪೀಠ ಆ ನಿಯಮವನ್ನ ಎತ್ತಿಹಿಡೀತು. ಬಿಲ್ ಬಂದಾಗ "ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ" ಅಂತ ಮೆಲ್ಲಗೆ ಹೇಳಿ ಸಾಕು, ಹೆಚ್ಚಿನ ಕಡೆ ಮ್ಯಾನೇಜರ್ ಮರುಮಾತಾಡದೆ ತೆಗೀತಾರೆ. ಇಲ್ಲಾಂದ್ರೆ ಗ್ರಾಹಕರ ಸಹಾಯವಾಣಿ 1915.

ಶೇ 5 ಜಿಎಸ್‌ಟಿ ಮಾತ್ರ ಕೊಡಲೇಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಕಾಂಪೊಸಿಷನ್ ಪದ್ಧತಿಯಲ್ಲಿರೋ, ಅಂದ್ರೆ ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟೋ ಸಣ್ಣ ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡೋ ಹಾಗಿಲ್ಲ, ತಮ್ಮ ಕೈಯಿಂದ ಕಟ್ಟಬೇಕು. ಬಿಲ್ ಮೇಲೆ ಕಾಂಪೊಸಿಷನ್ ಅಂತ ಬರೆದು ಕೆಳಗೆ ಜಿಎಸ್‌ಟಿಯನ್ನೂ ಹಾಕಿದ್ದರೆ ಕೇಳಿ.

ಆದರೆ ಬಡಿಸಿದ ಹುಡುಗನ ಕೈಗೆ ಇಪ್ಪತ್ತು ರೂಪಾಯಿ ಇಡೋದನ್ನ ಈ ನೆಪದಲ್ಲಿ ನಿಲ್ಲಿಸಬೇಡಿ. ನಾನೂ ಹೋಟೆಲಿನಲ್ಲಿ ಲೋಟ ತೊಳೆದೇ ಬಿಕಾಂ ಮುಗಿಸಿದವನು.

ಇಪ್ಪತ್ತೇಳನೇ ಮಳಿಗೆ | ಮಂಗಳವಾರ ಬೆಳಿಗ್ಗೆ 7:00

ಮೇಳದ ಆ ಕಡೆಯಿಂದ ಒಂದು ಮಾತು. ನಾಲ್ಕು ವರ್ಷ ಬೇರೆ ಬೇರೆ ಮೇಳಗಳಲ್ಲಿ ದೋಸೆ ಮಳಿಗೆ ಹಾಕಿದೀನಿ, ನಾನು ನಮ್ಮನೆಯವಳು ಇಬ್ಬರೇ. ನೀವು ಬೈಕೊಳ್ಳೋ ತಣ್ಣನೆ ದೋಸೆ ಹೇಗಾಗುತ್ತೆ ಹೇಳ್ತೀನಿ.

ನನ್ನ ಕಾವಲಿ ಮೇಲೆ ಒಂದು ಸಲಕ್ಕೆ ಆರು ದೋಸೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಎಬ್ಬಿಸೋದಕ್ಕೆ ನಾಲ್ಕು ನಿಮಿಷ. ಗಂಟೆಗೆ ತೊಂಬತ್ತು, ಎಲ್ಲೂ ಕೈ ತಡೆಯದಿದ್ದರೆ. ಭಾನುವಾರ ಸಂಜೆ ಏಳಕ್ಕೆ ಅರವತ್ತು ಜನ ಸಾಲಲ್ಲಿ, ಒಬ್ಬೊಬ್ಬರು ಎರಡೆರಡು ಕೇಳಿದ್ರೆ ಕೊನೆಯವರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಜನ ಕೂಗಾಡ್ತಾರೆ, ಆಗ ಅವಸರಕ್ಕೆ ಬೀಳ್ತೀವಿ. ಕಾವಲಿ ಮತ್ತೆ ಕಾಯೋ ಮುಂಚೆ ಹಿಟ್ಟು ಹುಯ್ತೀವಿ. ತಣ್ಣಗಾದ ಕಾವಲಿ ಮೇಲೆ ಹುಯ್ದ ದೋಸೆಗೆ ಕಣ್ಣು ಬಿಡಲ್ಲ, ಬಣ್ಣ ಬರಲ್ಲ, ಅಂಟುತ್ತೆ. ಇನ್ನು ಕೆಲವರು ಬೇಯಿಸಿ ಒಟ್ಟಿ ಇಟ್ಕೊಳ್ತಾರೆ, ತನ್ನ ಹಬೆಗೆ ತಾನೇ ಮೆತ್ತಗಾಗಿ ಚರ್ಮ ಆಗುತ್ತೆ. ಬೆಳಿಗ್ಗೆ ರುಬ್ಬಿ ತಂದ ಹಿಟ್ಟು ರಾತ್ರಿ ಎಂಟರ ಹೊತ್ತಿಗೆ ಹುಳಿ ಏರಿರುತ್ತೆ. ಐಸ್ ಇಟ್ರೂ ಅಷ್ಟೇ.

ಬಾಗಿಲು ತೆಗೆದ ಮೊದಲ ಗಂಟೆಯಲ್ಲಿ ಬನ್ನಿ. ಭಾನುವಾರ ಬೇಡ. ಒಂದೇ ಎರಡೇ ತಿಂಡಿ ಮಾಡೋ ಮಳಿಗೆ ಮುಂದೆ ನಿಲ್ಲಿ; ದೋಸೆ, ಚೌಮೀನು, ಪಿಜ್ಜಾ, ಜೂಸು ಎಲ್ಲ ಒಬ್ಬನೇ ಬರೆದಿದ್ರೆ ದೂರದಿಂದಲೇ ಕೈಮುಗೀರಿ. ಕರಿಯೋ ಬಾಣಲೆ ನೋಡಿ, ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನೊರೆ ಕಟ್ತಿದ್ರೆ ಮುಂದಕ್ಕೆ ನಡೀರಿ. ಆಹಾರ ಮಾರೋ ಪರವಾನಗಿಯ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲಿ ಅಂತ ಕೇಳಿದ್ರೂ ನಮಗೇನೂ ಬೇಜಾರಿಲ್ಲ.

ಕೂಪನ್ ನಮ್ಮ ಕೈಲಿಲ್ಲ, ನಡೆಸೋರದ್ದು. ಮಿಕ್ಕ ಕೂಪನ್ ದುಡ್ಡು ನಮಗೆ ಒಂದು ಪೈಸೆಯೂ ಬರಲ್ಲ. ಮೊದಲು ನೂರು ರೂಪಾಯಿಯದ್ದು ಮಾತ್ರ ತಗೊಳ್ಳಿ.

ರಸಬಾಳೆ | ಮಂಗಳವಾರ 11:20

ಮೇಲಿನವರ ಬಣ್ಣದ ಮಾತಿಗೆ ಸೇರಿಸ್ತೀನಿ. 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡ್ತು, ಬೊಂಬಾಯಿ ಮಿಠಾಯಿಯ ಗುಲಾಬಿ ಬಣ್ಣವನ್ನೂ. ಅದರಲ್ಲಿ ರೋಡಮೈನ್ ಬಿ ಅನ್ನೋ ಬಟ್ಟೆಗೆ ಹಾಕೋ ಬಣ್ಣ ಸಿಕ್ಕಿತ್ತು. ಇವತ್ತಿಗೂ ಕೆಂಡದ ಹಾಗೆ ಹೊಳೆಯೋ ಗೋಬಿ ಕಂಡರೆ ನಾನು ನಮ್ಮವರ ಕೈ ಹಿಡಿದು ಎಳ್ಕೊಂಡು ಹೋಗ್ತೀನಿ, ಅವರು ಹಿಂದೆ ತಿರುಗಿ ನೋಡ್ತಾನೇ ಬರ್ತಾರೆ.

ನಾವು ಮೈಸೂರಿನವರು. ದಸರಾ ಆಹಾರ ಮೇಳಕ್ಕೆ ಹೋದ್ರೆ ನಾವು ಮೊದಲು ಹುಡುಕೋದು ಕಾಡಿನ ಕಡೆಯವರ ಮಳಿಗೆ. ಬೊಂಬು ಬಿರಿಯಾನಿಗೆ ಹಸಿ ಬಿದಿರಿನ ಅಂಡೆಗೆ ಅಕ್ಕಿ, ಕೋಳಿ, ಮಸಾಲೆ ತುಂಬಿ ಬಾಯಿಗೆ ಎಲೆ ತುರುಕಿ ಕೆಂಡದ ಮೇಲೆ ಉರುಳಿಸ್ತಾರೆ. ತಡ ಆಗುತ್ತೆ. ಆದರೆ ಕಣ್ಣೆದುರೇ ಬೇಯ್ತಿರೋದ್ರಿಂದ ಕಾಯೋದು ಬೇಜಾರಾಗಲ್ಲ, ಹೊಗೆ ಕಣ್ಣಿಗೆ ಹೋಗುತ್ತೆ ಅಷ್ಟೆ.

ಶೇಂಗಾ ಚಟ್ನಿ | ಬುಧವಾರ ಮಧ್ಯಾಹ್ನ 1:45

ನಮಸ್ಕಾರ್ರೀ ಎಲ್ಲಾರಿಗೂ. ಮ್ಯಾಲೆ ಬೈಟು ಕಾಫಿ ಅಂತ ಬರದಾಕಿ ನಮ್ಮಾಕಿನ. ಆಫೀಸಿನಾಗ ಡಬ್ಬಿ ಬಿಚ್ಚಿ ಕುಂತಾಗ ದೋಸ್ತ ಒಬ್ಬಾಂವ "ಇದು ನಿನ್ನ ಕತಿ ಇದ್ದಂಗ ಐತಲ್ಲೋ" ಅಂತ ತೋರಿಸಿದ.

ಒಂದ ಕಡೀ ಮಾತು ಕೇಳಿ ತೀರ್ಪು ಕೊಡಬ್ಯಾಡ್ರಿ. ನಾ ಅವತ್ತ "ಜನರೇಟರ್ ಹತ್ರ ನಿಂದರು, ಬರ್ತೀನಿ" ಅಂತ ಹೇಳೇ ಹೋಗಿದ್ದೆ. ಜನರೇಟರ್ ಸಪ್ಪಳದಾಗ ಆಕೀಗೆ ಕೇಳಿಸಿಲ್ಲ.

ನಮ್ಮ ಕಡೆ ಖಾನಾವಳಿ ನೋಡ್ರಿ. ಕುಂತ ಕೂಡ್ಲೆ ತಾಟು ಬರ್ತದ. ಎಣ್ಣಿಗಾಯಿ, ಕಾಳುಪಲ್ಯ, ಝುಣಕ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಮ್ಯಾಲೆ ಒಂದೀಟು ಕೆನಿಮೊಸರು, ಬಾಜೂಕ ಹಸಿ ಉಳ್ಳಾಗಡ್ಡಿ. ಒಳಗ ಅಕ್ಕಾರು ರೊಟ್ಟಿ ಬಡಿಯೋ ಸಪ್ಪಳ ಕೇಳ್ತಿರ್ತದ. ಅದು ನಿಂತ್ರ ಹೊಟ್ಟಿ ತುಂಬಿರಲಿ ಬಿಡಲಿ ಮನಸಿಗೆ ಹೆಂಗೋ ಆಗ್ತದ. ಬಿಸಿ ರೊಟ್ಟಿ ತಂದಾಂವ "ಇನ್ನೊಂದ ಹಾಕ್ಲೇನ್ರಿ" ಅಂತಾನ, ಬ್ಯಾಡ ಅಂದ್ರೂ ಅರ್ಧ ಮುರದು ಹಾಕ್ತಾನ. ಮೆನು ಇಲ್ಲ, ಆರಿಸೂದಿಲ್ಲ, ಮತ್ತ ಜಗಳ ಎಲ್ಲಿಂದ ಬರಬೇಕ್ರಿ? ಮೇಳದಾಗ ಐವತ್ತು ಅಂಗಡಿ ಇದ್ರೂ ಇನ್ನೊಂದ ಹಾಕ್ಲೇನು ಅಂತ ಕೇಳಾಂವ ಒಬ್ಬನೂ ಇಲ್ಲ.

ಬೆಲ್ಲದ ಬಗ್ಗೆ ಆ ಕರಾವಳಿ ಅಕ್ಕಾರು ಹೇಳಿದ್ದು ಓದೇನಿ. ಇನ್ನೂ ಒಪ್ಪಿಲ್ಲ.

ಬೈಟು ಕಾಫಿ | ಬುಧವಾರ ಮಧ್ಯಾಹ್ನ 1:52

ಓ, ಬಂದ್ರಾ. ಡಬ್ಬೀಲಿ ಪಲ್ಯ ಮಿಗಿಸಿ ತಂದ್ರೆ ನೋಡಿ. ಉಳಿದದ್ದು ಮನೇಲಿ ಮಾತಾಡೋಣ.

ಮೂರನೇ ಟೇಬಲ್ | ಬುಧವಾರ ಸಂಜೆ 5:10

ಇವತ್ತು ನಮ್ಮನೇಲಿ ಟೀವಿ ಹಾಕಿಲ್ಲ. ನಮ್ಮಾಕೆಗೆ ಇದನ್ನೇ ಓದಿ ಹೇಳ್ತಾ ಇದೀನಿ.

ಬೈಟು ಕಾಫಿ | ಪರಿಷೆ ಮುಗಿದ ಮಾರನೇ ದಿನ

ವರದಿ ಒಪ್ಪಿಸ್ತಿದೀನಿ. ಮಳಿಗೆಯವರ ಮಾತು ಕೇಳಿ ಬೆಳಿಗ್ಗೆ ಆರೂವರೆಗೇ ಹೋದ್ವಿ. ಬುಲ್ ಟೆಂಪಲ್ ರಸ್ತೆಯಲ್ಲಿ ಆಗಿನ್ನೂ ಗೋಣಿಚೀಲ ಬಿಚ್ಚಿ ರಾಶಿ ಹಾಕ್ತಿದ್ರು. ಹಿಂದೆ ಇಲ್ಲಿ ಸುಂಕೇನಹಳ್ಳಿ ಅಂತ ಊರಿತ್ತು, ರೈತರ ಕಡಲೆಕಾಯಿ ಬೆಳೆಯನ್ನ ಬಸವ ಬಂದು ಮೇಯ್ತಿದ್ದ, ಅವನಿಗೆ ಮೊದಲ ಫಸಲು ಕೊಡ್ತೀವಿ ಅಂತ ಹರಕೆ ಹೊತ್ತರು ಅಂತ ನಮ್ಮಜ್ಜಿ ಹೇಳ್ತಿದ್ದ ಕತೆ. ಅದನ್ನ ನಾನು ಇವರಿಗೆ ಹೇಳ್ತಿದ್ರೆ ಇವರು ಆಗಲೇ ಸೇರಿನ ರೇಟು ಕೇಳ್ತಾ, ಒಂದೊಂದು ರಾಶಿಯಿಂದ ಒಂದೊಂದು ಕಾಯಿ ಒಡೆದು ಬಾಯಿಗೆ ಹಾಕ್ಕೊಳ್ತಾ ಮುಂದೆ ಹೋಗಿದ್ರು. ಕೊಳ್ಳೋ ಮುಂಚೆಯೇ ಅರ್ಧ ಸೇರು ತಿಂದಿರ್ತಾರೆ. ಕೊನೆಗೆ ಬೇಯಿಸಿದ್ದು ಒಂದು ಪೊಟ್ಟಣ, ಹುರಿದದ್ದು ಎರಡು ಸೇರು. ಒಂದು ಕಟ್ಟೆ ಮೇಲೆ ಕೂತು ಬಿಸಿ ಉಪ್ಪುನೀರು ಮುಂಗೈಗೆ ಸೋರಿಸ್ಕೊಂಡು ತಿಂದ್ವಿ. ಜಗಳ ಇಲ್ಲ. ಆದರೆ ಇದು ಲೆಕ್ಕಕ್ಕಿಲ್ಲ, ಇಬ್ಬರಿಗೂ ಬೇಕಾದ್ದು ಒಂದೇ ತಿಂಡಿ. ನಿಜವಾದ ಪರೀಕ್ಷೆ ಜನವರಿಗೆ.

ಬೈಟು ಕಾಫಿ | ಜನವರಿ, ಗುರುವಾರ ರಾತ್ರಿ 8:30

ಅವರೆ ಮೇಳಕ್ಕೆ ಹೋಗಿ ಬಂದ್ವಿ. ಮೊದಲು ಸಜ್ಜನರಾವ್ ಸರ್ಕಲ್ ಹತ್ತಿರದ ತಿಂಡಿ ಬೀದೀಲಿ ಆಗ್ತಿತ್ತು, ಹೆಜ್ಜೆ ಇಡೋಕೂ ಜಾಗ ಇರ್ತಿರಲಿಲ್ಲ. ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ವಾರದ ದಿನ, ಬಾಗಿಲು ತೆಗೆದ ಹೊತ್ತಿಗೆ. ಇವರು ಅರ್ಧ ದಿನ ರಜಾ ಹಾಕಿದ್ರು, ಆಫೀಸಲ್ಲಿ ಏನು ಕಾರಣ ಬರೆದ್ರೋ ಗೊತ್ತಿಲ್ಲ.

ಮೊದಲ ಸರದಿ ನಾನು ಕಂಬ. ಇವರು ಅವರೆಕಾಳು ದೋಸೆ ತಂದ್ರು. ದೋಸೆ ಮೇಲೆ ಕಾಳು ಒತ್ತಿ ಬೇಯಿಸಿದ್ದು, ಕಾವಲಿಗೆ ತಾಗಿದ ಕಡೆ ಕಾಳಿನ ಸಿಪ್ಪೆ ಸುಟ್ಟು ಪಟ್ ಅಂತ ಬಿರಿದಿತ್ತು. ಮಾತಿಲ್ಲದೆ ತಿಂದ್ವಿ. ಎರಡನೇ ಸರದಿ ಇವರು ಕಂಬ, ನಾನು ಹಿತಕಿದ ಬೇಳೆ ಸಾರು, ಮುದ್ದೆ ತಂದೆ. ಮನೇಲಿ ರಾತ್ರಿ ಕಾಳು ನೆನೆಸಿ, ಬೆಳಿಗ್ಗೆ ಒಂದೊಂದೇ ಹಿತಕಿ ಸಿಪ್ಪೆ ಬಿಡಿಸೋ ಕೆಲಸ ನನಗೆ ಗೊತ್ತು, ಬೆರಳ ಸಂದಿಯ ಸೊಗಡು ಎರಡು ದಿನ ಸೋಪಿಗೂ ಜಗ್ಗಲ್ಲ. ಇವರು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ್ರು. ನಾನು ಕಾಯ್ತಾ ಇದ್ದೆ.

"ಇದರಾಗ ಬೆಲ್ಲ ಇಲ್ಲಲ್ಲಾ" ಅಂದ್ರು. ಇನ್ನೊಂದು ಪ್ಲೇಟ್ ತಂದೆ.

ಮೂರನೇದು ಅವರೆಬೇಳೆ ಜಿಲೇಬಿ, ಅದು ಇವರದ್ದೇ ಆಯ್ಕೆ. ಕಂಬ ಮಾತಾಡೋ ಹಾಗಿಲ್ಲ ಅನ್ನೋ ಕಾನೂನು ಇರೋದ್ರಿಂದ ನಾನು ಏನೂ ಹೇಳಲಿಲ್ಲ, ಇಲ್ಲೂ ಹೇಳಲ್ಲ.

ಇಪ್ಪತ್ತೇಳನೇ ಮಳಿಗೆ | ಗುರುವಾರ ರಾತ್ರಿ 9:15

ಹಹ್ಹಾ. ಮೌನ ಅರ್ಥ ಆಯ್ತು ಅಕ್ಕ.

ಶೇಂಗಾ ಚಟ್ನಿ | ಗುರುವಾರ ರಾತ್ರಿ 9:40

ಜಿಲೇಬಿ ಛಲೋ ಇತ್ತು. ಮೂರರಾಗ ಎರಡು ಆಕೀನ ತಿಂದಾಳ, ಅದನ್ನ ಬರದಿಲ್ಲ ನೋಡ್ರಿ.

ಇರಲಿ. ಮುಂದಿನ ತಿಂಗಳು ಧಾರವಾಡಕ್ಕ ಹೊಂಟೇವಿ, ದಾವಣಗೆರ್‍ಯಾಗ ಇಳದು ಬೆಣ್ಣೆ ದೋಸೆ ತಿನ್ನೂ ವಿಚಾರ ಐತಿ. ಒಳಗ ಪಲ್ಯ ಇಡೂದಿಲ್ಲ, ಬಾಜೂಕ ಆಲೂಗಡ್ಡಿ ಪಲ್ಯ, ಚಟ್ನಿ ಕೊಡ್ತಾರ, ಸಾಂಬಾರಿನ ಗೊಡವಿ ಇಲ್ಲ. ನಮ್ಮ ರೈಲು ನಸುಕಿನ್ಯಾಗ ಐದಕ್ಕ ಮುಟ್ಟತದ. ಅಷ್ಟೊತ್ತಿಗೆ ಕಾವಲಿ ಕಾಸಿರ್ತಾರೇನ್ರಿ? ಅಲ್ಲಿ ಊರವರು ಯಾರರ ಇದ್ರ ಹೇಳ್ರಿ.